ಪಡಸಾಲಿಗೆ ಎರಡು ಸೀನರಿ

ಎಮ್ಮಿಗನೂರಿನಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮಕ್ಕನ ಮಗ ಒಂದು ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಚಿತ್ರ ಕಳಿಸಿದ. ಅದರ ಹಿಂದೆಯೇ ಫೋನು ಬಂತು. "ಮಾಮ, ಪಡಸಾಲಿಗೆ ಎರಡು ಸೀನರಿ ಬೇಕಾಗ್ಯಾವ. ಇದ್ರಾಗ ಯಾವ್ದು ತಗೊಳ್ಲಿ ಹೇಳು. ಅಕ್ರಿಲಿಕ್ ಅಂತ, ಕೈಲೇ ಬರ್ದದ್ದಂತ."

ನಾಲ್ಕೂ ಫ್ರಾನ್ಸಿನ ಕ್ಲಾಡ್ ಮೋನೆಯ ಚಿತ್ರಗಳ ನಕಲು. ಗಸಗಸೆ ಹೂವಿನ ಹೊಲ, ತಾವರೆಗೊಳದ ಮೇಲಿನ ಹಸಿರು ಸೇತುವೆ, ಬಂದರಿನ ಸೂರ್ಯೋದಯ, ಕೊಯ್ಲಿನ ನಂತರದ ಬಣವೆ. ಕಂಪ್ಲಿ ಕಡೆಯ ಹಳ್ಳಿಯ ಮನೆಗೆ ಮೋನೆ ಬರುತ್ತಿದ್ದಾನೆ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ನಮ್ಮ ಕಡೆಯ ಹೊಸ ಮನೆಗಳಲ್ಲಿ ಸಾಮಾನ್ಯವಾಗಿ ಓಡುವ ಏಳು ಕುದುರೆಗಳೋ ಹಂಪಿಯ ಕಲ್ಲಿನ ರಥವೋ ಗೋಡೆ ಹಿಡಿದಿರುತ್ತವೆ. ಅವೂ ಇರಲಿ. ಆದರೆ ಹೊಲ, ನೀರು, ಬೆಳಕು ಇಷ್ಟನ್ನೇ ನೋಡುವುದಕ್ಕೆಂದು ಒಂದು ಗೋಡೆ ಬಿಡುವ ಹುಡುಗ ಸಿಕ್ಕರೆ ಅವನ ದುಡ್ಡು ಹಾಳಾಗಬಾರದು. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯದು, ನಕಲು ಎಂದು ಹಿಂಜರಿಯಬೇಕಾಗಿಲ್ಲ. ನಮ್ಮ ಜಗಲಿಯ ಲಕ್ಷ್ಮಿ, ಸರಸ್ವತಿಯರು ಬಂದದ್ದೇ ನಕಲಿನ ಹಾದಿಯಲ್ಲಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅರಮನೆಯ ಎಣ್ಣೆವರ್ಣದ ದೇವತೆಗಳು ಕಾಗದದ ಮೇಲೆ ಬಂದು, ಕಟ್ಟು ಹಾಕಿಸಿಕೊಂಡು, ಬಡವರ ಗೋಡೆಯನ್ನೂ ಏರಿದರು. ನಮ್ಮೂರ ಕಡೆ ನಾಟಕವನ್ನೇ ನೋಡಿ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ಎಷ್ಟು ಊರಿನಲ್ಲಿ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಮಾತು ಅವೇ, ಹಾಡು ಅವೇ. ಆದರೂ ಜನ ಹೋಗುವುದು ಈ ಸಲ ಶಕುನಿ ಯಾರು ಮಾಡುತ್ತಾರೆ ಎಂದು ಕೇಳಿಕೊಂಡು. ಕೈಯಿಂದ ಬರೆದ ನಕಲನ್ನೂ ಹಾಗೇ ನೋಡಬೇಕು. ಚಿತ್ರ ಮೋನೆಯದು, ಕೈ ಯಾರದು? ದುಡ್ಡು ಕೊಡುತ್ತಿರುವುದು ಆ ಕೈಗೆ. ಕೈಯೇ ಇಲ್ಲದ ಕಡೆ ಕೈಯ ಬೆಲೆ ಕೊಡಬಾರದು.

ಇಲ್ಲೇ ಗ್ರಾಹಕರು ಎಡವುವುದು. 'ಅಕ್ರಿಲಿಕ್' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಾಮಾನು ಮಾರಾಟವಾಗುತ್ತವೆ. ಅಂಗಡಿಗಳ ಹೆಸರಿನ ಫಲಕಕ್ಕೆ ಬಳಸುವ, ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಾಳೆಯೂ ಅಕ್ರಿಲಿಕ್ಕೇ. ಅದರ ಹಿಂಬದಿಗೆ ಮುದ್ರಿತ ಚಿತ್ರ ಅಂಟಿಸಿದರೆ ಅದು 'ಅಕ್ರಿಲಿಕ್ ಪ್ರಿಂಟ್'. ಬಣ್ಣ ಥಳಥಳ ಹೊಳೆಯುತ್ತದೆ, ಎದುರಿನ ಕಿಟಕಿಯೂ ಅದರಲ್ಲೇ ಹೊಳೆಯುತ್ತದೆ. ಅದು ಫೋಟೊ, ಚಿತ್ರವಲ್ಲ. ಇನ್ನೊಂದು, ಕ್ಯಾನ್ವಾಸ್ ಬಟ್ಟೆಯ ಮೇಲೆ ಯಂತ್ರದಿಂದ ಮುದ್ರಿಸಿ, ಮೇಲೆ ಪಾರದರ್ಶಕವಾದ ಅಕ್ರಿಲಿಕ್ ಜೆಲ್ ಅನ್ನು ಬ್ರಷ್ಷಿನಿಂದ ಸವರಿದ್ದು. ಕೈಯಾಡಿಸಿದರೆ ಉಬ್ಬು ತಗ್ಗು ಸಿಗುತ್ತದೆ, 'ಕೈಕೆಲಸ' ಎಂದು ಹೇಳಿ ಮಾರಲು ಅಷ್ಟು ಸಾಕು. ನಿಜವಾಗಿ ಬಿಳಿ ಕ್ಯಾನ್ವಾಸಿನಿಂದ ಶುರುಮಾಡಿ ಅಕ್ರಿಲಿಕ್ ಬಣ್ಣದಲ್ಲಿ ಒಬ್ಬರು ಕೂತು ಬರೆದದ್ದು ಮೂರನೆಯದು.

ಎರಡನೆಯದನ್ನು ಮೂರನೆಯದೆಂದು ನಂಬಿ ನಾನೇ ಒಮ್ಮೆ ಕೊಂಡಿದ್ದೇನೆ. ಎರಡು ಬೇಸಿಗೆ ಕಳೆಯುವುದರಲ್ಲಿ ಅದರ ಗುಲಾಬಿ ಬಣ್ಣ ಬಿಸಿಲಿಗೆ ಹಾರಿಹೋಗಿ ಆಕಾಶ ತೊಳೆದಿಟ್ಟ ಬಟ್ಟೆಯಂತಾಯಿತು. ಆವತ್ತು ಕಲಿತ ಪರೀಕ್ಷೆಯನ್ನು ಹೇಳುತ್ತೇನೆ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಿಂದ, ಗೋಡೆಗೆ ಒರಗಿಸಿದಂತೆ ಹಿಡಿಯಿರಿ. ಉಬ್ಬಿದ ಗೆರೆಗಳ ನೆರಳು ಏಳುತ್ತದೆ. ಕೈಬರಹವಾದರೆ ಬಣ್ಣ ಎಲ್ಲಿ ಬದಲಾಗುತ್ತದೋ ಗೆರೆಯೂ ಅಲ್ಲೇ ತಿರುಗುತ್ತದೆ. ಕೆಂಪು ಹೂವಿಗೆ ಅದರದ್ದೇ ಒಂದು ಉಬ್ಬು ಇರುತ್ತದೆ. ಜೆಲ್ ಸವರಿದ್ದಾದರೆ ಹೂವು ಒಂದು ಕಡೆ, ಬ್ರಷ್ಷಿನ ಗೀರು ಇನ್ನೊಂದು ಕಡೆ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ನೋಡಿದರೆ ಮುದ್ರಣದ ಸಣ್ಣ ಸಣ್ಣ ಚುಕ್ಕಿಗಳೂ ಕಾಣಬಹುದು. ಇನ್ನೂ ಸುಲಭದ್ದು ಬೆಲೆಯ ಲೆಕ್ಕ. ಎರಡು ಅಡಿಗೆ ಮೂರು ಅಡಿಯ ಚಿತ್ರವನ್ನು ನೆಟ್ಟಗೆ ನಕಲು ಮಾಡಲು ನುರಿತ ಕೈಗೂ ಹಲವು ದಿನ ಬೇಕು. ನಿಮ್ಮ ಮನೆಯ ಗಾರೆ ಮೇಸ್ತ್ರಿಗೆ ಅಷ್ಟೇ ದಿನಕ್ಕೆ ಎಷ್ಟು ಕೂಲಿ ಕೊಡುತ್ತೀರಿ ಎಂದು ಗುಣಿಸಿ ನೋಡಿ. ಅದಕ್ಕಿಂತ ಎಷ್ಟೋ ಕಡಿಮೆಗೆ ಕೊಡುತ್ತೇನೆ ಎನ್ನುವವರು ಯಂತ್ರದ್ದನ್ನು ಕೊಡುತ್ತಿದ್ದಾರೆ. ಅಥವಾ ಚೀನಾದ ಶೆನ್‌ಝೆನ್ ನಗರದ ದಾಫೆನ್‌ನಂಥ ಕಡೆ, ಒಬ್ಬರು ಆಕಾಶ ಬರೆದು ಇನ್ನೊಬ್ಬರು ಮರ ಬರೆಯುವ ಸಾಲಿನಲ್ಲಿ ತಯಾರಾದದ್ದನ್ನು. ಆ ಊರಿನ ನಕಲು ವ್ಯಾಪಾರ 1989ರಲ್ಲಿ ಶುರುವಾಗಿ ಲೋಕದ ಹೋಟೆಲುಗಳ ಗೋಡೆ ತುಂಬಿಸಿತು.

ಈಗ ಬಣ್ಣದ ಮಾತಿಗೆ ಬರೋಣ. ಮೋನೆ, ಅವನ ಜೊತೆಯ ಚಿತ್ರಕಾರರಾದ ಪಿಸಾರೊ, ಸಿಸ್ಲೆ, ರೆನ್ವಾ, ಬರ್ತ್ ಮೊರಿಸೊ ಇವರಲ್ಲಿ ಯಾರೂ ಅಕ್ರಿಲಿಕ್ಕನ್ನು ಕಣ್ಣಿಂದ ಕಂಡವರಲ್ಲ. ಅವರು ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಮಾಡಿದ್ದು 1874ರ ಏಪ್ರಿಲ್‌ನಲ್ಲಿ. ನೀರಿನಲ್ಲಿ ಕಲಸುವ ಕಲಾವಿದರ ಅಕ್ರಿಲಿಕ್ ಅಮೆರಿಕದ ಅಂಗಡಿಗೆ ಬಂದದ್ದು 1950ರ ದಶಕದಲ್ಲಿ. ಅವರದ್ದೆಲ್ಲ ಎಣ್ಣೆವರ್ಣ. ನಾವು ಚಟ್ನಿಪುಡಿ ಮಾಡುವ ಅಗಸಿ ಇದೆಯಲ್ಲ, ಅದರ ಎಣ್ಣೆಯಲ್ಲಿ ಅರೆದ ಬಣ್ಣ. ಅಗಸಿ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರುತ್ತ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳು ಬೇಕು, ದಪ್ಪವಿದ್ದರೆ ವಾರಗಳೇ. ಅಲ್ಲಿಯವರೆಗೆ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆಯಬಹುದು, ಒಂದರೊಳಗೆ ಒಂದು ಕರಗುತ್ತದೆ. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಆಮೇಲೆ ಈ ಬಣ್ಣವನ್ನು ಚೀಲದಲ್ಲಿ ಹಾಕಿಕೊಂಡು ಹೊಲಕ್ಕೆ, ನದಿ ದಂಡೆಗೆ ಹೋಗಿ ಅಲ್ಲೇ ಕೂತು ಬರೆಯುವುದು ಸಲೀಸಾಯಿತು. ಕಣ್ಣೆದುರಿನ ಬೆಳಕು ಬದಲಾಗುವ ಮೊದಲು ಹಿಡಿಯಬೇಕು ಎಂಬ ಅವರ ಅವಸರಕ್ಕೆ ಆ ಟ್ಯೂಬು ಜೊತೆಯಾಯಿತು.

ಅಕ್ರಿಲಿಕ್ಕಿನ ಸ್ವಭಾವ ತಿರುವುಮುರುವು. ಅದರಲ್ಲಿ ಬಣ್ಣದ ಪುಡಿಯನ್ನು ಹಿಡಿದಿರುವುದು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು. ನೀರು ಆರಿದೊಡನೆ ಕಣಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಮತ್ತೆ ನೀರು ಹಾಕಿದರೂ ಕರಗುವುದಿಲ್ಲ. ನಮ್ಮ ಏಪ್ರಿಲ್ ಸೆಕೆಯಲ್ಲಿ ತಟ್ಟೆಯಲ್ಲಿ ಹಿಂಡಿದ ಬಣ್ಣ ಬ್ರಷ್ಷು ಅದ್ದುವುದರೊಳಗೆ ಕೆನೆಗಟ್ಟುತ್ತದೆ. ಹಸಿ ಇದ್ದಾಗ ಹಾಲಿನಂತೆ ಬೆಳ್ಳಗಿರುವ ಅಂಟು ಒಣಗಿದ ಮೇಲೆ ಪಾರದರ್ಶಕವಾಗುವುದರಿಂದ ಬಣ್ಣ ಒಂದು ಮಟ್ಟ ಗಾಢವಾಗುತ್ತದೆ. ಅಭ್ಯಾಸವಿಲ್ಲದವರು ಬೆಳಗಿನ ಆಕಾಶ ಬರೆಯಲು ಹೋಗಿ ಸಂಜೆ ಮಾಡಿಡುತ್ತಾರೆ. ನೀರು ಹೋದ ಹಾಗೆ ದಪ್ಪ ಬಣ್ಣದ ಏಣುಗಳೂ ಕುಗ್ಗಿ ಮೊಂಡಾಗುತ್ತವೆ. ಅದರ ಒಳ್ಳೆಯ ಗುಣವನ್ನೂ ಹೇಳಬೇಕು. ಎಣ್ಣೆಯಂತೆ ವರ್ಷ ಕಳೆದ ಹಾಗೆ ಹಳದಿಗೆ ತಿರುಗುವುದಿಲ್ಲ, ವಾಸನೆ ಕಡಿಮೆ, ಒಣಗಲು ತಿಂಗಳು ಕಾಯಬೇಕಿಲ್ಲ.

ಹಾಗಾದರೆ ಯಾವ ಚಿತ್ರದ ನಕಲು ಅಕ್ರಿಲಿಕ್ಕಿಗೆ ಒಗ್ಗುತ್ತದೆ? ನಮ್ಮ ಹುಡುಗನ ಮನಸ್ಸು 'ಸೂರ್ಯೋದಯ'ದ ಮೇಲಿತ್ತು. 1872ರಲ್ಲಿ ಲ ಹಾವ್ರ್ ಬಂದರನ್ನು ನೋಡಿ ಮೋನೆ ಬರೆದ 'ಇಂಪ್ರೆಷನ್, ಸೂರ್ಯೋದಯ' ಅದು. ಪತ್ರಕರ್ತ ಲೂಯಿ ಲೆರ್ವಾ ಆ ಶೀರ್ಷಿಕೆಯನ್ನೇ ಹಿಡಿದು ಅಣಕಿಸಿ ಬರೆದ ಮೇಲೆ ಇಡೀ ಗುಂಪಿಗೆ ಇಂಪ್ರೆಷನಿಸ್ಟರು ಎಂಬ ಹೆಸರು ನಿಂತಿತು. ಆ ಚಿತ್ರ ತೆಳುವಾದ ಹಸಿ ಬಣ್ಣಗಳು ಒಂದರಲ್ಲೊಂದು ಬೆರೆತು ಆದ ಮಂಜು. ಬೇಗ ಒಣಗುವ ಅಕ್ರಿಲಿಕ್ಕಿನಲ್ಲಿ ಆ ಮಂಜು ಅಂಚು ಕಟ್ಟಿಕೊಂಡು ತೇಪೆ ತೇಪೆಯಾಗುತ್ತದೆ. ಮೂಲದ ಅಳತೆ 48 ಸೆಂಟಿಮೀಟರಿಗೆ 63, ನಮ್ಮ ಲೆಕ್ಕದಲ್ಲಿ ಎರಡಡಿಯ ಆಸುಪಾಸು. ಅದನ್ನು ಐದಡಿಗೆ ಹಿಗ್ಗಿಸಿ, ಐದು ತುಂಡು ಮಾಡಿ ಸೋಫಾದ ಮೇಲೆ ತೂಗುಹಾಕುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಕಿತ್ತಳೆ ಸೂರ್ಯ ಸಣ್ಣದಿರುವುದರಿಂದಲೇ ಅಷ್ಟು ಉರಿಯುವುದು.

ನಾನು ಬಣವೆ ಹಿಡಿ ಎಂದೆ. ಕಾರಣ ಎರಡು. ಮೊದಲನೆಯದು ಬಣ್ಣಕ್ಕೆ ಸಂಬಂಧಿಸಿದ್ದು. 1890ರಿಂದ 91ರವರೆಗೆ ಮೋನೆ ಜಿವೆರ್ನಿಯ ತನ್ನ ಮನೆಯ ಹತ್ತಿರದ ಹೊಲದಲ್ಲಿ ಅವೇ ಬಣವೆಗಳನ್ನು ಸುಮಾರು 25 ಕ್ಯಾನ್ವಾಸಿನಲ್ಲಿ ಬರೆದ. ಬೆಳಗ್ಗೆ, ಸಂಜೆ, ಹಿಮ ಬಿದ್ದಾಗ, ಹಿಮ ಕರಗುವಾಗ. ಹಲವು ಕ್ಯಾನ್ವಾಸನ್ನು ಜೊತೆಗಿಟ್ಟುಕೊಂಡು, ಬೆಳಕು ತಿರುಗಿದೊಡನೆ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಮನೆಗೆ ತಂದು ಮತ್ತೆ ಮತ್ತೆ ತಿದ್ದುತ್ತಿದ್ದ. ಆದ್ದರಿಂದ ಅಲ್ಲಿ ಒಣಗಿದ ಪದರದ ಮೇಲೆ ಒಣ ಬ್ರಷ್ಷಿನ ಪದರಗಳು, ಗೋಡೆಗೆ ಹೊಡೆದ ಗಾರೆಯಂತೆ ಒರಟು. ಈ ಕೆಲಸ ಅಕ್ರಿಲಿಕ್ಕಿಗೆ ಒಲಿಯುತ್ತದೆ. ಒಂದು ಪದರ ಅರ್ಧ ಗಂಟೆಯಲ್ಲಿ ಆರಿದರೆ ಅದರ ಮೇಲೆ ಕೆಳಗಿನದು ಕೆಡದಂತೆ ಮುಂದಿನದನ್ನು ಎಳೆಯಬಹುದು.

ಇನ್ನೊಂದು ಕಾರಣ ನಮ್ಮದೇ. ಆ ಬಣವೆಗಳು ಬರಿಯ ಹುಲ್ಲಲ್ಲ. ತೆನೆ ಸಮೇತದ ಗೋಧಿಯ ಸಿವುಡುಗಳನ್ನು ಒಟ್ಟಿ, ಮೇಲೆ ಹುಲ್ಲು ಹೊದಿಸಿ, ಒಕ್ಕುವ ಯಂತ್ರ ಬರುವವರೆಗೆ ಕಾಯ್ದಿಟ್ಟ ಒಟ್ಟಿಲು. ಒಬ್ಬ ರೈತನ ವರ್ಷದ ದುಡಿಮೆ ಹೊರಗೆ ಚಳಿಯಲ್ಲಿ ನಿಂತಿದೆ. ಇದನ್ನು ಎಮ್ಮಿಗನೂರಿನವರಿಗೆ ಬಿಡಿಸಿ ಹೇಳಬೇಕೆ? ಕಾಲುವೆ ಬಯಲಿನ ನಮ್ಮ ಊರುಗಳಲ್ಲಿ ಬಣವೆಯನ್ನು ನೋಡಿಯೇ ಮನೆತನದ ಗಟ್ಟಿತನ ಅಳೆಯುತ್ತಿದ್ದರು. ಹೆಣ್ಣು ಕೊಡುವವರು ಹಿತ್ತಲಿಗೆ ಹೋಗಿ ಬಣವೆ ಎಷ್ಟುದ್ದ ಎಂದು ಕಣ್ಣಾಡಿಸಿ ಬರುತ್ತಿದ್ದರು. ಈಗ ಕಟಾವಿನ ಯಂತ್ರ ಗದ್ದೆಯಲ್ಲೇ ಕೊಯ್ದು ಒಕ್ಕುತ್ತದೆ, ಹುಲ್ಲನ್ನು ಉರುಳೆ ಸುತ್ತಿ ಲಾರಿಗೆ ಏರಿಸುತ್ತಾರೆ. ಬಣವೆ ಕಟ್ಟಲು ಬರುವವರೇ ಕಡಿಮೆಯಾಗಿದ್ದಾರೆ. ಮೋನೆಯ ಬಣವೆ ಸಾಲಿನ ಒಂದು ಮೂಲಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಮೇಲೆ ಹೋಯಿತು. ಆಗಿನ ದರದಲ್ಲಿ 700 ಕೋಟಿ ರೂಪಾಯಿ ದಾಟುವ ಮೊತ್ತ. "ಬಣವಿಗೇನು?" ಎಂದು ಹುಡುಗ ಸುಮ್ಮನಾಗಿಬಿಟ್ಟ.

ನಕಲು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ನೆರಳನ್ನು ನೋಡಿ. ಇಂಪ್ರೆಷನಿಸ್ಟರು ನೆರಳಿಗೆ ಕಪ್ಪು ಬಳಿಯುವುದನ್ನು ಬಿಟ್ಟವರು. ಬಣವೆಯ ನೆರಳಿನಲ್ಲಿ ನೀಲಿ, ನೇರಳೆ, ನಡುವೆ ಒಂದೊಂದು ಕೆಂಪು ಎಳೆ ಇರುತ್ತದೆ. ಹಂಪಿಯ ಹೇಮಕೂಟದ ಮೇಲೆ ಸಂಜೆ ಕೂತವರಿಗೆ ಇದು ಗೊತ್ತು. ಬಂಡೆಯ ಬಿಸಿಲು ಬಿದ್ದ ಮೈ ಜೇನಿನ ಬಣ್ಣಕ್ಕೆ ತಿರುಗುತ್ತಿದ್ದಂತೆ ಮರೆಯ ಮೈ ನೀಲಿಯಾಗುತ್ತದೆ. ನೆರಳನ್ನು ಮಸಿಯಂತೆ ಬಳಿದ ನಕಲನ್ನು ಅಲ್ಲಿಗೇ ಬಿಡಿ, ಉಳಿದದ್ದು ಎಷ್ಟೇ ಚೆಂದವಿರಲಿ. ಮಾರುವವರು ಕಳಿಸುವ ಫೋಟೊ ಬಹಳ ಸಲ ಮ್ಯೂಸಿಯಮ್ಮಿನ ಮೂಲಚಿತ್ರದ್ದೇ ಆಗಿರುತ್ತದೆ. ನಿಮಗೆ ಬರಲಿರುವ ಕ್ಯಾನ್ವಾಸನ್ನೇ ಪಕ್ಕದ ಬೆಳಕಿನಲ್ಲಿ, ಹಿಂಬದಿ ಸಮೇತ ವಿಡಿಯೊ ಮಾಡಿ ಕಳಿಸಲು ಕೇಳಿ. ಕೇಳಿದರೆ ತಪ್ಪಿಲ್ಲ.

ನಮ್ಮ ಸೀಮೆಯ ಹವೆ, ಧೂಳುಗಳ ಲೆಕ್ಕವೂ ಬೇಕು. ಅಕ್ರಿಲಿಕ್ ಪೊರೆ ಬಿಸಿಗೆ ಮೆತ್ತಗಾಗುತ್ತದೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದರ ಮೈ ತುಸು ಅಂಟಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ನಮ್ಮ ಧೂಳು ಸಾದಾ ಧೂಳಲ್ಲ. ಸಂಡೂರಿನ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಮರದೆಲೆಗಳನ್ನು ನೋಡಿದವರಿಗೆ ಆ ಕೆಂಪು ಗೊತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿ, ನಂತರ ಮಿತಿಯೊಳಗೆ ಮತ್ತೆ ಬಿಟ್ಟ ಮೇಲೂ ಆ ಬಣ್ಣ ಪೂರ್ತಿ ಹೋಗಿಲ್ಲ. ಹೊಸಪೇಟೆ, ಸಂಡೂರು ಕಡೆಯವರು ಅಕ್ರಿಲಿಕ್ ಚಿತ್ರ ಕೊಂಡರೆ ಮೇಲೆ ತೆಗೆದು ಮತ್ತೆ ಬಳಿಯಬಹುದಾದ ವಾರ್ನಿಷ್ ಹಾಕಿಸಿಕೊಳ್ಳಲೇಬೇಕು. ಧೂಳು ಅಂಟುವುದು ಆ ವಾರ್ನಿಷ್ಷಿಗೆ, ಬಣ್ಣಕ್ಕಲ್ಲ. ಒದ್ದೆ ಬಟ್ಟೆ ಬೇಡ, ಗಾಜು ಒರೆಸುವ ದ್ರಾವಣ ಬೇಡವೇ ಬೇಡ. ಒಣಗಿದ ಮೆತ್ತನೆಯ ಅಗಲ ಬ್ರಷ್ಷು ಸಾಕು.

ಎಮ್ಮಿಗನೂರು, ಕಂಪ್ಲಿ ಕಡೆ ತೊಂದರೆ ಬೇರೆ. ನೀರಾವರಿಯ ಕಪ್ಪು ನೆಲ, ಗೋಡೆಯ ಬುಡಕ್ಕೆ ತಂಪು ಏರುತ್ತದೆ. ಹೊಸ ಗಾರೆಯ ಗೋಡೆಗೆ ಒಂದು ವರ್ಷವಾದರೂ ಒಣಗಲು ಬಿಡುವುದು ಒಳ್ಳೆಯದು. ಅವಸರವಿದ್ದರೆ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿ ಗಾಳಿಯಾಡಲು ಬೆರಳಿನಷ್ಟು ಸಂದು ಬಿಡಿ. ಕ್ಯಾನ್ವಾಸ್ ಬಿಗಿದಿರುವ ಕಟ್ಟಿಗೆ ಗೆದ್ದಲು ಹಿಡಿಯದ ಮರದ್ದೇ ಎಂದು ಬಡಿಗೇರರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಪಡುವಣ ಕಿಟಕಿಯ ಎದುರು ಗೋಡೆ ಬೇಡ, ದೇವರ ದೀಪದ ಮೇಲೂ ಬೇಡ.

ಕಾನೂನಿನ ಮಾತು ಚಿಕ್ಕದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಕಲಾವಿದರ ಕಾಲಾನಂತರ 60 ವರ್ಷ ನಡೆಯುತ್ತದೆ. ಮೋನೆ ತೀರಿಕೊಂಡದ್ದು 1926ರಲ್ಲಿ. ಅವನ ನಕಲನ್ನು ಯಾರೂ ಬರೆಯಬಹುದು, ಮಾರಬಹುದು, ಮೂಲ ಎಂದು ಹೇಳಿ ಮಾರುವಂತಿಲ್ಲ ಅಷ್ಟೆ. ಆದರೆ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಉರಿಯುವಂತೆ ಬರೆದ ನಮ್ಮ ರುಮಾಲೆ ಚನ್ನಬಸವಯ್ಯನವರು ಹೋದದ್ದು 1988ರಲ್ಲಿ. ಅವರ ಹಕ್ಕು 2048ರ ಕೊನೆಯವರೆಗೆ ಇರುತ್ತದೆ. ಅವರ ಚಿತ್ರದ ನಕಲು ಬರೆಸಿ ಮಾರಲು ಹೋಗುವವರು ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಮೋನೆ, ವ್ಯಾನ್ ಗೋ ಇಷ್ಟಪಡುವವರು ಬೆಂಗಳೂರಿಗೆ ಹೋದಾಗ ರಾಜಾಜಿನಗರದ ರುಮಾಲೆ ಆರ್ಟ್ ಹೌಸ್ ನೋಡದೆ ಬರಬಾರದು ಎಂಬುದು ನನ್ನ ಆಸೆ. ಹೊರಗಿನ ಪಾಠವನ್ನು ಕಲಿತು ನಮ್ಮ ಗುಲ್‌ಮೊಹರಿಗೆ ಹಚ್ಚಿದವರು ಅವರು.

ಆ ಹಚ್ಚುವ ಕೆಲಸ ನಮ್ಮ ಬಯಲಿನಲ್ಲಿ ಇನ್ನೂ ಆಗಬೇಕಾದಷ್ಟಿದೆ. ಲ ಹಾವ್ರ್‌ನ ಸೂರ್ಯೋದಯದಲ್ಲಿ ಇರುವುದು ಬರೀ ನೀರು, ದೋಣಿ ಅಲ್ಲ. ಮಂಜಿನ ಹಿಂದೆ ಕಾರ್ಖಾನೆಯ ಚಿಮಣಿಗಳು, ಬಂದರಿನ ಕ್ರೇನುಗಳು ಇವೆ. ಚಳಿಗಾಲದ ಬೆಳಗ್ಗೆ ದರೋಜಿ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ ನೋಡಿದಾಗ ನನಗೆ ಆ ಚಿತ್ರವೇ ನೆನಪಾಗುತ್ತದೆ. ಕಾಲುವೆಗೆ ನೀರು ಬಿಟ್ಟ ಮೇಲೆ, ನಾಟಿಗೆ ಮುಂಚೆ, ನೀರು ನಿಂತ ಗದ್ದೆಗಳಲ್ಲಿ ಮೋಡ ಬಿದ್ದಿರುತ್ತದಲ್ಲ, ಅದು ನಮ್ಮ ತಾವರೆಗೊಳ. ಇದನ್ನು ಬರೆಯಬಲ್ಲ ಕೈಗಳು ಇಲ್ಲೇ ಇವೆ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರುಗಳಿದ್ದಾರೆ. ನಾಟಕದ ಪರದೆಗೆ ಕಾಡು, ದರ್ಬಾರು ಬರೆದವರಿದ್ದಾರೆ. 'ಸೀನರಿ' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹರಡಿದ್ದೇ ಆ ಪರದೆಗಳ ಜೊತೆಗೆ ಎಂದು ನನಗನಿಸುತ್ತದೆ. ಅಂಗಡಿಗಳ ಬೋರ್ಡು ಬರೆದು ಬದುಕಿದ್ದ, ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಕೆಳಗಿಟ್ಟ ಪೇಂಟರುಗಳೂ ಇದ್ದಾರೆ. ದೂರದ ಗೋದಾಮಿನಿಂದ ತರಿಸುವ ನಕಲಿನ ಬೆಲೆಗೆ ಇನ್ನಷ್ಟು ಸೇರಿಸಿ ಇವರಲ್ಲಿ ಒಬ್ಬರನ್ನು ಕೇಳಬಹುದಲ್ಲ?

ಹುಡುಗನಿಗೆ ಇದನ್ನೇ ಹೇಳಿದೆ. ಅವನು ತನಗೆ ಎಂಟನೇ ತರಗತಿಯಲ್ಲಿ ಚಿತ್ರ ಹೇಳಿಕೊಟ್ಟಿದ್ದ, ಈಗ ನಿವೃತ್ತರಾಗಿರುವ ಮಾಸ್ತರರನ್ನು ಹುಡುಕಿಕೊಂಡು ಹೋದ. ಎರಡು ಚಿತ್ರ ಎಂದು ಮಾತಾಗಿದೆ. ಒಂದು ಮೋನೆಯ ಬಣವೆಯ ನಕಲು, ಅಕ್ರಿಲಿಕ್ಕಿನಲ್ಲಿ. ಇನ್ನೊಂದು ಅವರ ಮನೆಯ ಹಿತ್ತಲಲ್ಲಿ ಈ ವರ್ಷ ಅವನ ತಂದೆ ಒತ್ತಾಯ ಮಾಡಿ ಒಟ್ಟಿಸಿದ ಭತ್ತದ ಹುಲ್ಲಿನ ಬಣವೆ. ಮಾಸ್ತರು ದುಡ್ಡಿನ ಮಾತಿಗೆ ಮುಂಚೆ, "ಗೋಡೆ ತೋರ್ಸಪಾ, ಸಂಜಿ ನಾಕಕ್ಕ ಬರ್ತೀನಿ, ಬೆಳಕು ಹೆಂಗ ಬೀಳ್ತೈತಿ ನೋಡ್ಬೇಕು" ಎಂದರಂತೆ. ಬಂದು, ಗಾರೆಯ ಗೋಡೆಗೆ ಬೆನ್ನು ಕೊಟ್ಟು ಕಿಟಕಿಯ ಕಡೆ ನೋಡುತ್ತ ಒಂದು ತಾಸು ಕೂತಿದ್ದರಂತೆ. ಗೃಹಪ್ರವೇಶದ ಹೊತ್ತಿಗೆ ಒಂದೇ ಮುಗಿಯುವುದು ಎಂದು ಮೊದಲೇ ಹೇಳಿದ್ದಾರೆ. ಯಾವುದು ಮೊದಲು ಬೇಕು ಎಂದು ಕೇಳಿದ್ದಕ್ಕೆ ನಮ್ಮಕ್ಕ, "ನಮ್ದು" ಎಂದಳಂತೆ.